ಹನ್ನೊಂದು ಮಣಿಗಳ ಸರ

ಕಲಬುರಗಿಯ ಜಗತ್ ವೃತ್ತದಿಂದ ಸೇಡಂ ದಾರಿ ಹಿಡಿದರೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಅಲ್ಲಿನ ಕೋಟೆ ಕಂಡವರಿಗೆ ಅಲ್ಲಿಂದ ಆಳಿದ ದೊರೆ ಅಮೋಘವರ್ಷ ನೃಪತುಂಗ ನೆನಪಾಗುತ್ತಾನೆ, ‘ಕವಿರಾಜಮಾರ್ಗ’ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಒಂದು ಸಂಖ್ಯೆ: 12345654321.

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ ಬರುತ್ತದೆ. ಗ್ರಂಥದ ಆರಂಭದಲ್ಲೇ ಅಮೋಘವರ್ಷನ ಸ್ತುತಿಯಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ನಮ್ಮ ಹಾರದಲ್ಲಿ ಹನ್ನೊಂದು ಮಣಿಗಳು. ನಡುವಿನ ಪದಕ 6.

ದೊಡ್ಡ ಸಂಖ್ಯೆ ಅವರಿಗೆ ಹೊಸದೇನಲ್ಲ. ಏಕ, ದಶ, ಶತ ಎಂದು ಹೊರಟ ಅವರ ಸ್ಥಾನಗಳ ಪಟ್ಟಿ ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳನ್ನು ದಾಟಿ 24ನೆಯದಾದ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಅಂದರೆ ಒಂದರ ಮುಂದೆ 23 ಸೊನ್ನೆ. ಕಾಗಿಣೆಯ ನೀರನ್ನು ಒಂದು ಗುಟುಕು, 18 ಗ್ರಾಂನಷ್ಟು, ಕುಡಿಯಿರಿ. ಅದರಲ್ಲಿ ಆರು ಮಹಾಕ್ಷೋಭಕ್ಕಿಂತ ತುಸು ಹೆಚ್ಚು ಅಣುಗಳಿರುತ್ತವೆ. ಅಣುಗಳನ್ನು ಹೀಗೆ ಎಣಿಸಲು ರಸಾಯನಶಾಸ್ತ್ರಕ್ಕೆ ಸಾವಿರ ವರ್ಷ ಬೇಕಾಯಿತು. ಎಣಿಕೆಗೆ ಬೇಕಾದ ಹೆಸರು ಅಮೋಘವರ್ಷನ ಕಾಲದಲ್ಲೇ ಸಿದ್ಧವಿತ್ತು.

ಆದರೂ ನನ್ನನ್ನು ಸೆಳೆಯುವುದು ಸಂಖ್ಯೆಯ ಗಾತ್ರಕ್ಕಿಂತ ಅದರ ಒಳಗಿನ ಕಟ್ಟು. ಗಡಿಯಾರ ಬಿಚ್ಚುವಂತೆ ಈ ಹಾರವನ್ನೊಮ್ಮೆ ಬಿಚ್ಚೋಣ. 111111ನ್ನು 111111ರಿಂದಲೇ ಗುಣಿಸಿ. ಕಾಗದದ ಮೇಲೆ ಅದೇ ಸಾಲು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿದು, ಮೆಟ್ಟಿಲಿನಂತೆ ಬೀಳುತ್ತದೆ. ಕೂಡುವಾಗ ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ನಟ್ಟನಡುವೆ ಆರು. ಮುಂದೆ ಮತ್ತೆ ಇಳಿಕೆ. ಯಾವ ಮನೆಯ ಮೊತ್ತವೂ 9 ದಾಟದ್ದರಿಂದ ಪಕ್ಕದ ಮನೆಗೆ ದಶಕ ಹೋಗುವುದಿಲ್ಲ. ಹಾರ ಕೆಡದೆ ಉಳಿಯುವ ಗುಟ್ಟು ಇದೇ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ: 12345678987654321. ಹತ್ತನೆಯ ಒಂದು ಸೇರಿದೊಡನೆ ನಡುವಿನ ಮನೆಯಲ್ಲಿ ಹತ್ತು ತುಂಬಿ ದಶಕ ಎಡಕ್ಕೆ ಉಕ್ಕುತ್ತದೆ: 1234567900987654321. ಏರುವ ಬದಿಯಲ್ಲಿದ್ದ 8 ಮಾಯ!

ಇನ್ನೂ ಒಳಗೆ ಹೋಗೋಣ. 111111 ಎಂದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಹಾರದಲ್ಲಿ ಈ ಐದೂ ಎರಡೆರಡು ಸಲ ಇವೆ. ಆದ್ದರಿಂದ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 243. ಗುಣಿಸಿ ಈ ಹಾರ ಪಡೆಯಲು ಮಹಾವೀರಾಚಾರ್ಯರು ಆಯ್ದುಕೊಂಡ ಜೋಡಿ 27994681 ಮತ್ತು 441. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ. ಆದರೆ 441 ಎಂದರೆ 21ರ ವರ್ಗ, ಮೊದಲನೆಯದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. 3, 7 ಒಂದು ಕಡೆಗೆ, 11, 13, 37 ಇನ್ನೊಂದು ಕಡೆಗೆ ಹೋಗಿವೆ, ಅಷ್ಟೇ. ಈ ಆಯ್ಕೆಯನ್ನು ಎಷ್ಟು ಸಲ ನೋಡಿದರೂ ನನಗೆ ರೋಮಾಂಚನವಾಗುತ್ತದೆ.

ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಇಂದಿನ ಗೂಢಲಿಪಿಯ ಒಂದು ಮುಖ್ಯ ವಿಧಾನ, 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ, ಇದೇ ವ್ಯತ್ಯಾಸದ ಮೇಲೆ ನಿಂತಿದೆ. ಅದರಲ್ಲಿ ಈಗ ಬಳಕೆಯಲ್ಲಿರುವ ಸಂಖ್ಯೆಗಳಿಗೆ ಸಾಮಾನ್ಯವಾಗಿ 617 ಅಂಕಿಗಳು. ಆರ್‌ಎಸ್‌ಎ-250 ಎಂಬ ಸವಾಲಿನ ಸಂಖ್ಯೆಗೆ ಇದ್ದದ್ದು 250 ಅಂಕಿ ಮಾತ್ರ. ಅದರ ಎರಡು ಅಪವರ್ತನಗಳನ್ನು ಬಿಡಿಸಲು ಲೆಕ್ಕ ಮಾಡುವ ಯಂತ್ರಗಳ ದಂಡೇ ಬೇಕಾಗಿ, ಉತ್ತರ ಸಿಕ್ಕಿದ್ದು 2020ರಲ್ಲಿ.

ಆಚಾರ್ಯರದೇ ಇನ್ನೊಂದು ಹಾರವನ್ನು ನೀವೇ ಪೋಣಿಸಿ. 333333666667ನ್ನು 33ರಿಂದ ಗುಣಿಸಬೇಕು. ಫೋನ್ ಬದಿಗಿಟ್ಟು ಮೊದಲು 3ರಿಂದ ಗುಣಿಸಿ: 1000001000001. ಈಗ 11ರಿಂದ ಗುಣಿಸಿದರೆ ಪ್ರತಿ ಒಂದರ ಪಕ್ಕದಲ್ಲೂ ಇನ್ನೊಂದು ಒಂದು ಬಂದು ಕೂರುತ್ತದೆ: 11000011000011.