ಏಳು ಕಾಳು ಹೊಸ ಭತ್ತ

ಕಳೆದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಮೊಮ್ಮಗಳ ಫೋನು ಬಂತು. "ಅಜ್ಜಾ, ನಿಮ್ಮ ಲಕೋಟೆ ಸಿಕ್ಕಿತು. ಒಳಗೆ ಬರೀ ಏಳು ಕಾಳು ಭತ್ತ! ಇಷ್ಟನ್ನು ಯಾರಾದರೂ ಅಂಚೆಯಲ್ಲಿ ಕಳಿಸುತ್ತಾರಾ?"

ಅವಳ ಪ್ರಶ್ನೆ ಸರಿಯೇ. ಏಳು ಕಾಳಿನಿಂದ ಗುಬ್ಬಿಯ ಹೊಟ್ಟೆಯೂ ತುಂಬದು. ಆದರೂ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ದೂರದ ಊರಿನಲ್ಲಿರುವ ಮಕ್ಕಳಿಗೆ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೀಗೆ ಹೊಸ ಭತ್ತ ಕಳಿಸುವುದುಂಟು. ಅದು ನಮ್ಮ ತೆನೆ ಹಬ್ಬದ ಪ್ರಸಾದ.

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯಲ್ಲಿ ಅದೇ ದಿನ ಹೊಸ ಬೆಳೆಯ ಹಬ್ಬವೂ ಹೌದು. ನಾವು ಅದನ್ನು 'ಮೊಂತಿ ಫೆಸ್ತ್' ಎನ್ನುತ್ತೇವೆ. ಪೋರ್ಚುಗೀಸ್ ಭಾಷೆಯಲ್ಲಿ 'ಮೊಂತೆ' ಎಂದರೆ ಬೆಟ್ಟ. ಫರಂಗಿಪೇಟೆಯಲ್ಲಿ ನೇತ್ರಾವತಿಯ ಬಳಿ ಇರುವ ಮೊಂತೆ ಮರಿಯಾನೊ ಇಗರ್ಜಿಯಿಂದ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು, ಹಾಡು ಹೇಳುತ್ತ ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಭತ್ತದ ತೆನೆಗಳಿಗೆ ಆಶೀರ್ವಾದ ಮಾಡಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯರು ಕೆಲವು ಕಾಳುಗಳ ಸಿಪ್ಪೆ ಬಿಡಿಸಿ ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಊಟ. ಮೀನು ಮಾಂಸ ಬಿಡದ ನಮ್ಮ ಮನೆಗಳಲ್ಲಿ ಅಂದು ಬರೀ ತರಕಾರಿ: ಅಲಸಂಡೆ, ಹೀರೆ, ಬೆಂಡೆ, ಹರಿವೆ, ಕೆಸುವಿನ ದಂಟು.

ಇಷ್ಟನ್ನು ಮೊಮ್ಮಗಳಿಗೆ ಹೇಳುವುದು ಸುಲಭವಾಗಿತ್ತು. ಆದರೆ ಆ ಏಳು ಕಾಳಿನ ಹಿಂದೆ ನಾನು ಯಾರಿಗೂ ಹೇಳದ ಒಂದು ಕಥೆಯಿದೆ. ಅದನ್ನೂ ಹೇಳಿದೆ. ಮಕ್ಕಳೇ, ನಿಮಗೂ ಹೇಳುತ್ತೇನೆ.

ಅದು 1970ರ ಮಳೆಗಾಲ. ನನಗೆ ಒಂಬತ್ತು ವರ್ಷ. ನಮ್ಮ ಗದ್ದೆಯ ಕೆಳಗೆ ಇನ್ನೊಬ್ಬರ ಗದ್ದೆಯಿತ್ತು. ಅವರು ತುಳು ಮಾತಾಡುವ ಹಿಂದೂಗಳು. ನಾನು ಅವರನ್ನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆ. ಮಾವನಿಗೆ ಗುಡ್ಡದ ಬದಿಯಲ್ಲಿ ಒಂದು ಬೆಟ್ಟುಗದ್ದೆಯೂ ಇತ್ತು. ಅಲ್ಲಿ ಪೈರು ಬೇಗ ತೆನೆ ಬಿಡುತ್ತಿತ್ತು. ನಮ್ಮ ಗದ್ದೆಯಲ್ಲಿ ತೆನೆ ಬರುವುದು ತಡ. ಹಾಗಾಗಿ ಪ್ರತಿವರ್ಷ ಮೊಂತಿ ಹಬ್ಬಕ್ಕೆ ತೆನೆಯ ಕಟ್ಟನ್ನು ಮಾವನೇ ತಂದು ನಮ್ಮ ಜಗಲಿಯಲ್ಲಿ ಇಡುತ್ತಿದ್ದರು. "ಬಾಯಮ್ಮಾ, ನಿಮ್ಮ ಹಬ್ಬಕ್ಕೆ" ಎಂದು ಅಜ್ಜಿಗೆ ಹೇಳುತ್ತಿದ್ದರು. ಅವರ ಮನೆಯಲ್ಲೂ ಹೊಸ ಅಕ್ಕಿಯ ಊಟವಿತ್ತು. ತುಳುವಿನಲ್ಲಿ ಅದಕ್ಕೆ 'ಪುದ್ವಾರ್' ಎನ್ನುತ್ತಾರೆ. ಆ ದಿನ ನನಗೂ ಅಲ್ಲಿ ಒಂದು ಎಲೆ ಇರುತ್ತಿತ್ತು.

ಆ ವರ್ಷ ಜುಲೈಯಲ್ಲಿ ಒಂದು ಸಂಜೆ ನಾನು ಮೀನು ಹಿಡಿಯಲು ಹೋದೆ. ಎರಡು ಗದ್ದೆಗಳ ನಡುವಿನ ಬದುವಿನಲ್ಲಿ ನೀರು ಹರಿಯಲು ಒಂದು ಸಣ್ಣ ಕಂಡಿಯಿತ್ತು. ಅದನ್ನು ಕೈಯಿಂದ ಅಗಲ ಮಾಡಿ ಬೈರಾಸು ಹಿಡಿದು ಕುಳಿತೆ. ಎರಡು ಮೀನು ಸಿಕ್ಕಿದವು. ಕುಣಿಯುತ್ತ ಮನೆಗೆ ಬಂದೆ. ಕಂಡಿ ಮುಚ್ಚಲು ಮರೆತೆ.

ಆ ರಾತ್ರಿ ಮಳೆ ಹೊಯ್ದಿತು. ಬೆಳಿಗ್ಗೆ ನೋಡಿದರೆ ಬದು ಒಡೆದು, ಮಾವ ಎರಡು ದಿನದ ಹಿಂದೆ ನೆಟ್ಟಿದ್ದ ನೇಜಿಯ ಮೇಲೆಲ್ಲ ಕೆಸರು. ಮಾವ ಅಪ್ಪನನ್ನು ಕೇಳಿದರು: "ಪೊರ್ಬುಳೇ, ಕಂಡಿ ಕಡಿದದ್ದು ನೀವಾ?" ಅಪ್ಪ ಇಲ್ಲವೆಂದರು. ಮಾವ ನಂಬಲಿಲ್ಲ. ಕೈಗುರುತು ಕಾಣುತ್ತಿತ್ತು. ಸುಳ್ಳುಗಾರ ಎಂಬ ಮಾತು ಬಂದದ್ದೇ ಅಪ್ಪ ಬೆನ್ನು ತಿರುಗಿಸಿದರು. ಅಂದಿನಿಂದ ಎರಡೂ ಮನೆಯ ನಡುವೆ ಮಾತಿಲ್ಲ. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ಆಗಸ್ಟ್ 30 ಬಂತು. ದಾಸವಾಳ, ಕೇಪಳ ಕೊಯ್ದು ಇಗರ್ಜಿಗೆ ಹೋದೆ. ಮರುದಿನವೂ ಹೋದೆ. ಮನೆಯಲ್ಲಿ ರಾತ್ರಿ ದೀಪದ ಮುಂದೆ ಜಪಮಾಲೆ ಹೇಳುವಾಗ, ನಾವು ಇತರರನ್ನು ಕ್ಷಮಿಸುವ ಮಾತು ಬಂದಾಗ ಅಪ್ಪನ ಸ್ವರ ಸಣ್ಣದಾಗುತ್ತಿತ್ತು. ನನ್ನದು ನಿಂತೇಹೋಗುತ್ತಿತ್ತು. ಅದನ್ನು ಗಮನಿಸಿದ್ದು ಅಜ್ಜಿ ಒಬ್ಬರೇ.

ಸೆಪ್ಟೆಂಬರ್ 6ರ ಸಂಜೆ ಅಜ್ಜಿ ಜಗಲಿಯಲ್ಲಿ ಕುಳಿತು ಗುಡ್ಡದ ದಾರಿ ನೋಡುತ್ತಿದ್ದರು. "ಈ ಸಲ ತೆನೆ ಬರಲಿಕ್ಕಿಲ್ಲ" ಎಂದರು. ನನಗೆ ತಡೆಯಲಾಗಲಿಲ್ಲ. ಅತ್ತು ಎಲ್ಲ ಹೇಳಿಬಿಟ್ಟೆ.

ಅಜ್ಜಿ ಬೈಯಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದರು. ನಾನೇ ಉಪಾಯ ಹೇಳಿದೆ. "ನಾಳೆ ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳುತ್ತೇನೆ ಅಜ್ಜಿ."

"ಹೇಳು. ಅದೂ ಆಗಬೇಕು" ಎಂದರು ಅಜ್ಜಿ. "ಆದರೆ ಹಾಳಾದ ನೇಜಿ ಪಾದ್ರಿಗಳದ್ದಲ್ಲ. ಕೊಡೆ ತೆಗೆದುಕೋ."

ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಲ್ಲಿ ಇದೇ ಮಾತಿದೆ ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಕಾಣಿಕೆ ಕೊಡಲು ಹೊರಟಾಗ ಯಾರಿಗೋ ನೋವು ಮಾಡಿದ್ದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಬಳಿ ಹೋಗಬೇಕು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವರಿಗೆ ಅದು ಗೊತ್ತಿದ್ದದ್ದು ಹೀಗೆ, ಕೊಡೆ ಹಿಡಿದು ನಡೆಯುವಷ್ಟು.

ಆ ಬದುವಿನ ಮೇಲೆ ನಡೆದಷ್ಟು ಭಯದಿಂದ ನಾನು ಮತ್ತೆಂದೂ ನಡೆದಿಲ್ಲ. ಮಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಅಜ್ಜಿ ನನ್ನನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನಾನೇ ಹೇಳಬೇಕಾಯಿತು. ಹೇಳಿದೆ.

ಮಾವ ಹಗ್ಗ ಕೆಳಗಿಟ್ಟರು. ನನ್ನನ್ನೇ ನೋಡಿದರು. ಕೊನೆಗೆ ಕೇಳಿದರು: "ಮೀನು ಸಿಕ್ಕಿತಾ?"

"ಎರಡು."

"ಎರಡು ಮೀನಿಗೆ ಮುಕ್ಕಾಲು ಗದ್ದೆ" ಎಂದು ತಲೆಯಾಡಿಸಿದರು. ನಗಲಿಲ್ಲ, ಗದರಲೂ ಇಲ್ಲ. ಅತ್ತೆ ಮಾತ್ರ ಎದ್ದು ಒಳಗೆ ಹೋದರು.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದ್ದೆ. ಬೀಳಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಹಾರೆ ಹೆಗಲಿಗೇರಿಸಿ ಹೊರಟರು. ಅರೆಬರೆ ಮುಚ್ಚಿದ್ದ ಬದುವಿನ ಆಚೆ ಮಾವ, ಈಚೆ ಅಪ್ಪ, ನಡುವೆ ಮಣ್ಣು ಹೊರಲು ನಾನು. ಮಧ್ಯಾಹ್ನದವರೆಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಕೆಲಸ ಮುಗಿದಾಗ ಮಾವ ಅಪ್ಪನಿಗೆ ತಮ್ಮ ಎಲೆ ಅಡಿಕೆಯ ಚೀಲ ಚಾಚಿದರು.

ಆ ಸಂಜೆ ನಮ್ಮ ಜಗಲಿಯಲ್ಲಿ ತೆನೆಯ ಕಟ್ಟು ಇತ್ತು.

ಅತ್ತೆಯ ಮನಸ್ಸು ಕರಗಲು ಇನ್ನಷ್ಟು ದಿನ ಹಿಡಿಯಿತು. ಕ್ರಿಸ್‌ಮಸ್‌ಗೆ ಅಜ್ಜಿ ಕುಸ್ವಾರ್ ತಿಂಡಿಯ ತಟ್ಟೆಯನ್ನು ನನ್ನ ಕೈಯಲ್ಲೇ ಕಳಿಸಿದರು. ಅತ್ತೆ ತಟ್ಟೆ ಖಾಲಿ ಮಾಡಿ ಒಂದು ಹೆಣಿಗೆ ಬಾಳೆಹಣ್ಣು ಇಟ್ಟು ಮರಳಿಸಿದರು. "ಇನ್ನು ಮೀನು ಬೇಕಾದರೆ ಹೊಳೆಗೆ ಹೋಗು" ಎಂದರು. ಆಗ ನನಗೆ ನಿಜವಾಗಿ ಹಬ್ಬ.

ಈಗ ಆ ಗದ್ದೆಗಳಲ್ಲಿ ಅಡಿಕೆ ತೋಟವಿದೆ. ಅಜ್ಜಿ ಇಲ್ಲ, ಮಾವನೂ ಇಲ್ಲ. ದೇವರನ್ನು ನಂಬುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಅಜ್ಜಿಯ ಆ ಕೊಡೆಯೇ ನೆನಪಾಗುತ್ತದೆ. ಅವರು ಮಾವನ ಮನೆಯಲ್ಲಿ ಒಂದು ದಿನವೂ ಧರ್ಮದ ಮಾತು ಆಡಿದವರಲ್ಲ. ಆದರೆ ಬಾಯಮ್ಮನ ದೇವರು ಎಂಥವರೆಂದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಕಥೆ ಕೇಳಿ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಾ, ಇದರಲ್ಲಿ ಎರಡು ಕಾಳು ನನ್ನ ಗೆಳತಿಗೆ ಕೊಡಲಾ? ಹೋದ ವಾರದಿಂದ ನಾವು ಮಾತಾಡುತ್ತಿಲ್ಲ."

"ತಪ್ಪು ಯಾರದು?" ಎಂದೆ.

"ಸ್ವಲ್ಪ ನನ್ನದೂ ಇದೆ."

"ಹಾಗಾದರೆ ಮೊದಲು ಅದನ್ನು ಹೇಳು. ಆಮೇಲೆ ಕಾಳು ಕೊಡು" ಎಂದೆ.