ಗಣಿಯ ಕತ್ತಲಿಂದ ಬಂದ ಅಂಕಿಗಳು

ಸೈಕಲ್ ಹ್ಯಾಂಡಲ್ಲಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ ಒಂದು ಚೀಟಿ. ಅದರಲ್ಲಿ ಊರಿನ ಹೆಸರಿಲ್ಲ, ‘ಚರ್ಚ್ ದಾಟಿ ಎಡಕ್ಕೆ ತಿರುಗಿ’ ಎಂಬ ವಿವರವೂ ಇಲ್ಲ. ಕಿರಾಣಿ ಅಂಗಡಿಯವನು ಬರೆದುಕೊಟ್ಟ ಲೆಕ್ಕದ ಹಾಗೆ ಒಂದರ ಕೆಳಗೊಂದು ಅಂಕಿಗಳು, ಅಷ್ಟೇ. ಈ ಅಂಕಿಗಳ ಬೆನ್ನು ಹತ್ತಿ ಹೊರಟರೆ ನಲವತ್ತೋ ಐವತ್ತೋ ಕಿಲೊಮೀಟರ್ ಸುತ್ತಿ, ದೊಡ್ಡ ರಸ್ತೆಯ ಸಹವಾಸಕ್ಕೆ ಹೆಚ್ಚು ಹೋಗದೆ, ಸಂಜೆಗೆ ಹೊರಟ ಜಾಗಕ್ಕೇ ಬಂದು ಮುಟ್ಟಬಹುದು. ಬೆಲ್ಜಿಯಂನ ಈಶಾನ್ಯ ಮೂಲೆಯಲ್ಲಿರುವ ಲಿಂಬರ್ಗ್ ಪ್ರಾಂತ್ಯದ ಜೌಗುನಾಡಿನಲ್ಲಿ ರಜೆಯ ದಿನ ಸೈಕಲ್ ಹತ್ತುವವರು ಸುತ್ತುವುದು ಹೀಗೆ. ಚೀಟಿಯ ಜಾಗಕ್ಕೆ ಈಗ ಮೊಬೈಲ್ ಬಂದಿದೆ, ನಿಜ. ಅಂಕಿಗಳು ಮಾತ್ರ ಹಾಗೇ ಇವೆ.

ಆ ಅಂಕಿಗಳ ತವರು ಕಲ್ಲಿದ್ದಲು ಗಣಿ. ಅಲ್ಲಿಗೆ ಇಳಿಯುವ ಮುಂಚೆ ಮೇಲಿನ ನೆಲವನ್ನೊಮ್ಮೆ ನೋಡಿಬಿಡೋಣ.

ಹಾಸೆಲ್ಟ್, ಗೆಂಕ್, ಜೋನ್‌ಹೋವನ್ ಮೊದಲಾದ ಏಳು ಊರುಗಳಿಗೆ ಹಂಚಿಹೋಗಿರುವ ಈ ಸೀಮೆಯ ಹೆಸರು ಡೆ ವೈಯರ್ಸ್. ಅಲ್ಲಿನ ಆಡುಮಾತಿನಲ್ಲಿ ವೈಯರ್ ಎಂದರೆ ಕೊಳ. ಬದುಕಿರುವ ಪ್ರಾಣಿಗಳನ್ನು ಇಟ್ಟುಕೊಳ್ಳುವ ತಾವು ಎಂಬರ್ಥದ ಲ್ಯಾಟಿನ್ ಮಾತು ಬಾಯಿಂದ ಬಾಯಿಗೆ ಸವೆದು ಇಷ್ಟಾಗಿದೆ. ‘1001 ಕೊಳಗಳ ನಾಡು’ ಎಂದು ಪ್ರವಾಸೋದ್ಯಮದವರು ಹೇಳಿಕೊಳ್ಳುತ್ತಾರೆ. ಅಪರೂಪಕ್ಕೆ ಒಂದು ಜಾಹೀರಾತು ಕಮ್ಮಿ ಹೇಳಿದೆ, ಕೊಳಗಳು ಅದಕ್ಕಿಂತ ಜಾಸ್ತಿಯೇ ಇವೆ. ಒಂದು ಕಡೆ ಕೆಂಪನ್ ಪ್ರಸ್ಥಭೂಮಿಯ ಮರಳು, ಇನ್ನೊಂದು ಕಡೆ ಡೇಮರ್ ನದಿ. ಮರಳಿನಲ್ಲಿ ಇಂಗಿದ ನೀರು ಇಳಿಜಾರಿನ ಬುಡಕ್ಕೆ ಬಂದು ಜಿನುಗುತ್ತದೆ, ಬಿತ್ತಿದ್ದು ಕೊಳೆಯುತ್ತದೆ. ಹಾಗಾಗಿ ಜನ ಇಲ್ಲಿ ಉರುವಲಿಗೆಂದು ಜೌಗುಮಣ್ಣಿನ ಹೆಂಟೆ ಕಡಿದರು, ಕಬ್ಬಿಣದ ಅದಿರು ಬಗೆದರು. ತಗ್ಗಾದ ಕಡೆ ಏರಿ ಕಟ್ಟಿ ನೀರು ನಿಲ್ಲಿಸಿ ಮೀನು ಬಿಟ್ಟರು. ಹಾಸೆಲ್ಟ್ ಪಕ್ಕದ ಹೆರ್ಕೆನ್‌ರೋಡೆಯ ಸನ್ಯಾಸಿನಿಯರ ಮಠ 1252ರಲ್ಲೇ ಬೊಕ್ರೈಕ್ ಎಂಬ ಜಹಗೀರನ್ನು ಕೊಂಡಿತ್ತು. ವ್ರತದ ದಿನ ಮಾಂಸ ಕೂಡದು, ಮೀನಾದರೆ ನಡೆಯುತ್ತದೆ. ಮಠದ ಪಂಚಾಂಗದಲ್ಲಿ ಅಂಥ ದಿನಗಳಿಗೇನು ಬರವೇ?

ಕೊಳದ ತೂಬಿಗೆ ಅಲ್ಲಿ ‘ಮೊನ್ನಿಕ್’ ಎನ್ನುತ್ತಾರೆ, ಅಂದರೆ ಸನ್ಯಾಸಿ. ನೀರಿನ ಅಂಚಿನಲ್ಲಿ ನೆಟ್ಟಗೆ ನಿಂತ ಪೆಟ್ಟಿಗೆ ಅದು. ಅದರ ಕಚ್ಚುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಟ್ಟಿರುತ್ತಾರೆ. ಮೇಲಿನದೊಂದನ್ನು ಎತ್ತಿದರೆ ಒಂದು ಹಲಗೆಯಷ್ಟು ನೀರು ಕೆಳಗಿನ ಕೊಳಕ್ಕೆ ಇಳಿಯುತ್ತದೆ. ಎಲ್ಲ ಎತ್ತಿದರೆ ಕೊಳವೇ ಬರಿದು, ಬುಡದ ಕೆಸರಿನಲ್ಲಿ ಕಾರ್ಪ್ ಮೀನುಗಳ ಒದ್ದಾಟ. ನಮ್ಮ ಸಾಲುಕೆರೆಗಳ ತೂಬು, ಕೋಡಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಏರಿಗಳ ಅಗಲ. ಒಬ್ಬ ಆಳು ತಳ್ಳುಗಾಡಿ ನೂಕಿಕೊಂಡು ಹೋದರೆ ಸಾಕು ಎಂಬ ಲೆಕ್ಕದಲ್ಲಿ ಕಟ್ಟಿದ ಏರಿ ಸೈಕಲ್ಲಿಗೆ ಸರಿಹೋಗುತ್ತದೆ, ಕಾರಿಗೆ ಸಾಲುವುದಿಲ್ಲ. ವಾಹನವಿಲ್ಲದ ಹಾದಿ ಇಲ್ಲಿ ಯಾವ ಯೋಜನೆಯೂ ಹುಟ್ಟುವ ಮುಂಚೆ, ಮೀನಿನ ದಯೆಯಿಂದ ಸಿದ್ಧವಾಗಿತ್ತು.

1901ರ ಆಗಸ್ಟ್ 2ರಂದು ಆಸ್ ಎಂಬ ಹಳ್ಳಿಯಲ್ಲಿ ಭೂವಿಜ್ಞಾನಿ ಆಂಡ್ರೆ ಡ್ಯೂಮೊಂಟ್ ಕೊರೆಸಿದ ಕುಳಿಯಲ್ಲಿ ಕಲ್ಲಿದ್ದಲು ಸಿಕ್ಕಿತು. ಅಲ್ಲಿಂದ ಈ ಬಡ ಮರಳುನಾಡಿನ ಹಣೆಬರಹವೇ ಬದಲಾಯಿತು. 1917ರಲ್ಲಿ ವಿಂಟರ್‌ಸ್ಲಾಗ್ ಗಣಿಯಿಂದ ಕಲ್ಲಿದ್ದಲು ಮೇಲೆ ಬಂತು, ಮುಂದೆ ಗಣಿಗಳು ಒಟ್ಟು ಏಳಾದವು. ಇಟಲಿ, ಪೋಲೆಂಡ್, ಗ್ರೀಸ್, ಟರ್ಕಿ, ಮೊರಾಕ್ಕೊಗಳಿಂದ ಆಳುಗಳು ಬಂದು, ಹಳ್ಳಿಯಾಗಿದ್ದ ಗೆಂಕ್ ಪಟ್ಟಣವಾಯಿತು. ಕಲ್ಲಿದ್ದಲು ಸಾಗಿಸಲು ರೈಲು ಹಳಿ ಬಿತ್ತು. 1930ರ ದಶಕದಲ್ಲಿ ಆಲ್ಬರ್ಟ್ ಕಾಲುವೆಯನ್ನು ಅಗೆದರು. ಆಮೇಲೆ ಇಳಿಗಾಲ. 1966ರಲ್ಲಿ ಜ್ವಾರ್ಟ್‌ಬೆರ್ಗ್ ಗಣಿಯನ್ನು ಮುಚ್ಚಲು ಹೊರಟಾಗ ಎದ್ದ ಪ್ರತಿಭಟನೆಯಲ್ಲಿ ಇಬ್ಬರು ಸತ್ತರು. 1992ರ ಸೆಪ್ಟೆಂಬರ್ 30ರಂದು ಜೋಲ್ಡರ್ ಗಣಿಯೂ ಮುಚ್ಚಿತು, ಅಲ್ಲಿಗೆ ಎಲ್ಲ ಮುಗಿಯಿತು. ಉಳಿದದ್ದು ಗಣಿತ್ಯಾಜ್ಯದ ಕಪ್ಪು ಗುಡ್ಡಗಳು, ರೈಲು ಓಡದ ಹಳಿಗಳು, ಕೆಲಸವಿಲ್ಲದ ಜನ. ಒಳಗಿನದನ್ನೆಲ್ಲ ಬಗೆದು ತೆಗೆದದ್ದರಿಂದ ಮೇಲಿನ ನೆಲ ಅಲ್ಲಲ್ಲಿ ಕುಸಿದಿದೆ. ಅಂಥ ಕಡೆ ಪಂಪ್ ಹಾಕಿ ನೀರು ಎತ್ತದಿದ್ದರೆ ಮನೆಗಳಿಗೇ ನೀರು ನುಗ್ಗುತ್ತದೆ, ಈಗಲೂ.

ಗಣಿಯೊಳಗೆ ದಾರಿ ತಪ್ಪಿದರೆ ಕೇಳಲು ಯಾರಿದ್ದಾರೆ? ಅಲ್ಲಿ ಸೂರ್ಯನಿಲ್ಲ, ಗುರುತಿಗೆ ಮರವಿಲ್ಲ, ಎಲ್ಲ ಸುರಂಗವೂ ಒಂದೇ ಥರ. ಹಾಗಾಗಿ ಸುರಂಗಗಳು ಕೂಡುವ ಕಡೆಗಳಿಗೆ ಒಂದೊಂದು ಅಂಕಿ ಕೊಟ್ಟಿರುತ್ತಿದ್ದರು. ಆಳಿಗೆ ಇಡೀ ಗಣಿಯ ನಕ್ಷೆ ಗೊತ್ತಿರಬೇಕಿಲ್ಲ, ಮುಂದಿನ ಅಂಕಿ ಗೊತ್ತಿದ್ದರೆ ಸಾಕು. ಗಣಿ ಎಂಜಿನಿಯರ್ ಹ್ಯೂಗೊ ಬೊಲ್ಲೆನ್ ಅವರ ತಲೆಯಲ್ಲಿ ಉಳಿದುಕೊಂಡದ್ದು ಇದು. ನೆಲದಡಿಯ ಈ ವ್ಯವಸ್ಥೆಯನ್ನು ನೆಲದ ಮೇಲೆ ಸೈಕಲ್ ಸವಾರರಿಗೆ ಯಾಕೆ ಹಾಕಬಾರದು ಎಂದು ಅವರು ಯೋಚಿಸಿದರು. 1995ರಲ್ಲಿ ಲಿಂಬರ್ಗ್‌ನಲ್ಲಿ ಅಂಕಿ ಹೊತ್ತ ಕಂಬಗಳು ನಿಂತವು. ಡಚ್ ಭಾಷೆಯಲ್ಲಿ ಅದಕ್ಕೆ ‘ಕ್ನೋಪ್‌ಪುಂಟ್’ ಎಂದು ಹೆಸರು. ಕ್ನೋಪ್ ಎಂದರೆ ಗಂಟು, ದಾರಿಗಳು ಗಂಟುಬೀಳುವ ಜಾಗ.

ಇದು ಕೆಲಸ ಮಾಡುವ ಬಗೆ ಬಹಳ ಸರಳ. ಹಾದಿಗಳು ಕೂಡುವ ಕಡೆ ಒಂದು ಅಂಕಿ, ಪಕ್ಕದಲ್ಲೇ ಸುತ್ತಲಿನ ನಕ್ಷೆ. ಅಲ್ಲಿಂದ ಹೊರಡುವ ಬಾಣದ ಗುರುತುಗಳು ನೆರೆಯ ಅಂಕಿಗಳನ್ನಷ್ಟೇ ತೋರಿಸುತ್ತವೆ. ಅಂಕಿಗಳು ಕ್ರಮವಾಗಿರಬೇಕೆಂದೇನೂ ಇಲ್ಲ. 35ರ ಪಕ್ಕ 36 ಇರಬಹುದು, 212 ಬೇಕಾದರೂ ಇರಬಹುದು. ಹೊಸಬರು ಅದರಲ್ಲಿ ತರ್ಕ ಹುಡುಕಿ ಸುಸ್ತಾಗುವುದುಂಟು, ಆದರೆ ಅದು ಮನೆ ನಂಬರಿದ್ದ ಹಾಗೆ, ಹೆಸರಿನ ಬದಲಿಗೆ ಇಟ್ಟದ್ದು.

ಅದಕ್ಕೂ ಮೊದಲು ಎಲ್ಲ ಕಡೆ ಇದ್ದದ್ದು ಸುತ್ತುಹಾದಿಗಳು. ಒಂದೊಂದಕ್ಕೂ ಒಂದು ಹೆಸರು, ಒಂದು ಬಣ್ಣದ ಫಲಕ, ಇಂತಿಷ್ಟು ಕಿಲೊಮೀಟರ್. ಹೊರಟ ಮೇಲೆ ಮುಗಿಸಲೇಬೇಕು. ಅರ್ಧದಲ್ಲಿ ಮಗು ರಚ್ಚೆ ಹಿಡಿಯಲಿ, ಮಳೆ ಬರಲಿ, ಹತ್ತಿರದ ದಾರಿ ಯಾವುದೆಂದು ಫಲಕ ಹೇಳುವುದಿಲ್ಲ. ಎರಡು ಸುತ್ತುಗಳು ಕೂಡುವಲ್ಲಿ ಫಲಕಗಳ ಜಾತ್ರೆ. ಅಂಕಿಗಳು ಬಂದ ಮೇಲೆ ಸುತ್ತನ್ನು ಹೆಣೆಯುವ ಕೆಲಸ ಇಲಾಖೆಯ ಕೈಬಿಟ್ಟು ಸವಾರನ ಕೈಗೆ ಬಂತು. ದಣಿವಾದರೆ ಮುಂದಿನ ಗಂಟಿನಲ್ಲಿ ನಿಂತು ನಕ್ಷೆ ನೋಡಿ ಚೀಟಿ ತಿದ್ದಿಕೊಂಡರಾಯಿತು. ಯಾವುದೋ ಏರಿ ಕುಸಿದು ಹಾದಿ ಮುಚ್ಚಿದರೂ ಇಡೀ ಜಾಲ ಕೆಡುವುದಿಲ್ಲ, ಒಂದು ಎಳೆ ತಪ್ಪುತ್ತದೆ ಅಷ್ಟೇ. ಜೌಗುನಾಡಿಗಂತೂ ಇದು ಹೇಳಿ ಮಾಡಿಸಿದ್ದು. ಆಳೆತ್ತರದ ಜೊಂಡು, ಗುಡ್ಡವಿಲ್ಲದ ಬಯಲು, ಒಂದರ ಹಾಗೇ ಇನ್ನೊಂದು ಕೊಳ. ಹೊಸಬರಿಗೆ ಹಾಡುಹಗಲಲ್ಲೂ ಅದು ಒಂದು ಬಗೆಯ ಗಣಿಯೇ.

ಹೊಸ ರಸ್ತೆಯನ್ನು ಹೆಚ್ಚು ಕಟ್ಟಬೇಕಾಗಲಿಲ್ಲ ಎಂಬುದು ಇದರ ಜಾಣತನ. ಮೀನುಕೊಳದ ಏರಿ, ಕಾಲುವೆಯ ದಡದಲ್ಲಿ ಹಿಂದೆ ದೋಣಿ ಎಳೆಯುತ್ತಿದ್ದ ದಾರಿ, ಕಲ್ಲಿದ್ದಲು ರೈಲಿನ ಹಳೇ ಹಾಸು, ತೋಟದ ನಡುವಿನ ಓಣಿ ಎಲ್ಲವನ್ನೂ ಅಂಕಿಗಳ ದಾರದಲ್ಲಿ ಪೋಣಿಸಿದರು. ಈಗ ಲಿಂಬರ್ಗ್ ಒಂದರಲ್ಲೇ ಸುಮಾರು 2,000 ಕಿಲೊಮೀಟರ್ ಜಾಲವಿದೆ. ಪಕ್ಕದ ನೆದರ್ಲೆಂಡ್ಸ್ ಇದನ್ನು ಎತ್ತಿಕೊಂಡು ದೇಶದ ತುಂಬ ಹಾಕಿಕೊಂಡಿತು. ಫ್ಲಾಂಡರ್ಸ್ ಪೂರ್ತಿ, ಜರ್ಮನಿಯ ಕೆಲವು ಭಾಗಗಳಿಗೂ ಹೋಯಿತು. ಕಾಲ್ನಡಿಗೆಯವರಿಗೆ ಬೇರೆ ಅಂಕಿಗಳು ಬಂದವು.

ಪೂರಾ ವಾಹನಮುಕ್ತ ಎಂದು ಇದನ್ನು ಹೊಗಳುವವರ ಮಾತನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಬೇಕು. ನಡುವೆ ಊರೋಣಿಗಳು ಬರುತ್ತವೆ, ಅಲ್ಲಿ ಮನೆಯವರ ಕಾರು, ರೈತರ ಟ್ರ್ಯಾಕ್ಟರ್ ಎದುರಾಗುತ್ತವೆ. ದೊಡ್ಡ ರಸ್ತೆಯನ್ನು ಅಡ್ಡ ದಾಟಬೇಕಾದ ಕಡೆಗಳೂ ಇವೆ. ಆದರೆ ಎರಡು ಅಂಕಿಗಳ ನಡುವೆ ಯಾವ ದಾರಿಯನ್ನು ಆರಿಸಬೇಕೆಂಬ ಪ್ರಶ್ನೆ ಬಂದಲ್ಲೆಲ್ಲ ಈ ಜಾಲ ಸದ್ದಿಲ್ಲದ ದಾರಿಯ ಪಕ್ಷ ಹಿಡಿಯುತ್ತದೆ.

2016ರಲ್ಲಿ ಬೊಕ್ರೈಕ್‌ನಲ್ಲಿ ಈ ಜಾಲಕ್ಕೆ ಒಂದು ವಿಚಿತ್ರ ತುಣುಕು ಸೇರಿತು. ಕೊಳದ ಮೇಲೆ ಸೇತುವೆ ಕಟ್ಟುವ ಬದಲು ಕೊಳವನ್ನೇ ಸೀಳಿದರು. 212 ಮೀಟರ್ ಉದ್ದ, ಮೂರು ಮೀಟರ್ ಅಗಲದ ಕಾಂಕ್ರೀಟ್ ಹಾದಿ ನೀರಿನ ಮಟ್ಟದಿಂದ ಕೆಳಗೆ ಇಳಿದು, ಆಚೆ ದಡದಲ್ಲಿ ಮೇಲೇರುತ್ತದೆ. ನಡುವೆ ಬಂದಾಗ ನೀರು ಎರಡೂ ಕಡೆ ಕಣ್ಣಿನ ಮಟ್ಟಕ್ಕೆ ನಿಲ್ಲುತ್ತದೆ. ಏರಿಯ ಮೇಲಿಂದ ನೋಡಿದವರಿಗೆ ಕೊಳ ಒಂದು ಹಾಳೆ. ಇಲ್ಲಿಂದ ಅದು ಅಂಚು. ನೀರಿನ ಮೇಲೆ ಗಾಳಿ ಎಬ್ಬಿಸಿದ ಸಣ್ಣ ಸುಕ್ಕು ಮೂಗಿನ ನೇರಕ್ಕೆ ಬರುತ್ತದೆ, ಹಂಸ ಬಂದರೆ ಮುಖಕ್ಕೆ ಮುಖ. ದಡದಲ್ಲಿ ನಿಂತವರಿಗೆ ಸೈಕಲ್ಲು ಕಾಣುವುದಿಲ್ಲ, ನೀರಿನ ಮೇಲೆ ತೇಲಿಹೋಗುವ ತಲೆಗಳಷ್ಟೇ ಕಾಣುತ್ತವೆ. ಟೈಮ್ ಪತ್ರಿಕೆ ಜಗತ್ತಿನ ನೋಡಬೇಕಾದ ಜಾಗಗಳ 2018ರ ಪಟ್ಟಿಗೆ ಇದನ್ನು ಸೇರಿಸಿತು. 2019ರಲ್ಲಿ ಹೆಕ್ಟೆಲ್-ಎಕ್ಸೆಲ್ ಕಾಡಿನಲ್ಲಿ ಹತ್ತು ಮೀಟರ್ ಎತ್ತರಕ್ಕೆ, ಮರಗಳ ನಡುವೆ ಸುತ್ತಿ ಏರುವ 700 ಮೀಟರ್ ಹಾದಿಯೂ ಬಂತು. ಜನ ದೂರದೂರದಿಂದ ಬಂದು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಹೊಡೆದುಕೊಳ್ಳಲಿ. ನನ್ನ ಮಟ್ಟಿಗೆ ಈ ಎರಡೂ ಹಾದಿಗಳು ತೇರಿನ ಅಲಂಕಾರ, ತೇರು ಎಳೆಯುವ ಹಗ್ಗ ಆ ಅಂಕಿಗಳೇ.

ಅತ್ತ ಕಡೆ ಹೋಗುವ ಯೋಗವಿದ್ದವರಿಗೆ ಎರಡು ಮಾತು. ಹಾಸೆಲ್ಟ್–ಗೆಂಕ್ ರೈಲು ಮಾರ್ಗದಲ್ಲಿ ಬೊಕ್ರೈಕ್ ಹೆಸರಿನದೇ ನಿಲ್ದಾಣವಿದೆ. ಏಪ್ರಿಲ್ ಕೊನೆಯಿಂದ ಮೇ ತನಕ, ಬೆಚ್ಚಗಿರುವ ಒಂದು ಸಂಜೆಯನ್ನು ಜೋನ್‌ಹೋವನ್ ಕಡೆಯ ಕೊಳಗಳಿಗೆ ಮೀಸಲಿಡಿ. ಹೆಬ್ಬೆರಳಿನಷ್ಟೂ ಇಲ್ಲದ ಹಸಿರು ಮರಗಪ್ಪೆಗಳು ಕತ್ತಲಾಗುತ್ತಿದ್ದಂತೆ ಗಂಟಲು ಬಿಡುತ್ತವೆ. ಆ ಗದ್ದಲ ಕೇಳಿಸಬೇಕಾದರೆ ಹತ್ತಿರದಲ್ಲಿ ಒಂದೂ ಎಂಜಿನ್ ಸದ್ದು ಇರಬಾರದು, ಅಲ್ಲಿ ಇರುವುದಿಲ್ಲ. ಅಂಕಿಗಳ ಚೀಟಿಯನ್ನು ಮಾತ್ರ ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಿ. ಮೂರನೇ ಗಂಟಿನ ಹೊತ್ತಿಗೆ ಅಳಿಸಿ ಬರೆಯುತ್ತಿರುತ್ತೀರಿ.