ಬೂದಿಯ ಮಳೆಯ ನಾಡಿನಲ್ಲಿ

ಬೂದಿಯೆಂದೊಡನೆ ನಮ್ಮ ಗೃಹಿಣಿಯರ ನೆನಪಿಗೆ ಬರುವುದು ಹಿಂದೆ ಪಾತ್ರೆ ಬೆಳಗಲೆಂದು ಒಲೆಯಿಂದ ತೆಗೆದಿಡುತ್ತಿದ್ದ ನಯವಾದ ಪುಡಿ. ಆದರೆ ಜಪಾನಿನ ದಕ್ಷಿಣದಲ್ಲಿರುವ ಕಾಗೊಷಿಮಾ ನಗರದ ಗೃಹಿಣಿಗೆ ಬೂದಿಯೆಂದರೆ ಬೇರೆಯೇ ಚಿಂತೆ. ಒಗೆದ ಬಟ್ಟೆಯನ್ನು ಹೊರಗೆ ಹರವುವ ಮುನ್ನ ಆಕೆ ಕೊಲ್ಲಿಯಾಚೆಯ ಸಕುರಾಜಿಮಾ ಪರ್ವತದ ಹೊಗೆಯನ್ನೂ ಗಾಳಿಯ ದಿಕ್ಕನ್ನೂ ಗಮನಿಸಬೇಕು. 1955ರಿಂದ ಈ ಜ್ವಾಲಾಮುಖಿಯು ಪದೇ ಪದೇ ಬೂದಿಯನ್ನು ಕಾರುತ್ತಲೇ ಬಂದಿದೆ.

ಇದು ಸೌದೆ ಉರಿದುಳಿದ ಬೂದಿಯಲ್ಲ. ಪುಡಿಪುಡಿಯಾದ ಬಂಡೆ ಮತ್ತು ಗಾಜು. ನೀರಿನಲ್ಲಿ ಕರಗುವುದಿಲ್ಲ. ಕಣ್ಣಿಗೆ ಬಿದ್ದಾಗ ಉಜ್ಜಿದರೆ ಗೀರುತ್ತದೆ. ತಿಳಿನೀರಿನಿಂದ ತೊಳೆಯುವುದೇ ಲೇಸು. ಬೂದಿ ಬೀಳುವಾಗ ಮಕ್ಕಳೂ ಉಬ್ಬಸದವರೂ ಮನೆಯೊಳಗಿರಬೇಕು. ಬಾಗಿಲು ಕಿಟಕಿಗಳ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕುಡಿಯುವ ನೀರನ್ನು ಮುಚ್ಚಿಡಬೇಕು. ಹೊರಗೆ ಹೋಗಲೇಬೇಕಾದವರು ಮೂಗು ಬಾಯಿಗೆ ಬಿಗಿಯಾಗಿ ಕೂರುವ ಮುಖವಾಡವನ್ನು ಧರಿಸಬೇಕು. ಗುಡಿಸುವ ಮುನ್ನ ನೀರನ್ನು ಚಿಮುಕಿಸಿದರೆ ಧೂಳು ಏಳದು; ಆದರೆ ಕೊಡಗಟ್ಟಲೆ ಸುರಿಯಬಾರದು. ಚರಂಡಿಗೆ ಹರಿದ ಬೂದಿ ಅಲ್ಲಿಯೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ನೆನೆದ ಬೂದಿಯ ಭಾರ ಎಷ್ಟೆಂಬುದನ್ನು ಫಿಲಿಪ್ಪೀನ್ಸಿನ ಜನ ಬಹಳ ದುಬಾರಿ ಬೆಲೆ ತೆತ್ತು ಅರಿತರು. 1991ರ ಜೂನ್ 15ರಂದು ಪಿನಟೂಬೊ ಪರ್ವತ ಮಹಾಸ್ಫೋಟಗೊಂಡಿತು. ವಿಜ್ಞಾನಿಗಳ ಎಚ್ಚರಿಕೆಯಿಂದ ಸಾವಿರಾರು ಮಂದಿ ಮೊದಲೇ ಬೆಟ್ಟದ ತಪ್ಪಲನ್ನು ತೊರೆದಿದ್ದರು. ದುರ್ದೈವದಿಂದ ಅದೇ ದಿನ ಚಂಡಮಾರುತವೊಂದು ಮಳೆಯನ್ನು ಹೊತ್ತು ತಂದಿತು. ಮಳೆಯನ್ನು ಹೀರಿದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದವು. ಅಂದು ಮಡಿದವರಲ್ಲಿ ಹೆಚ್ಚಿನವರು ಬೆಂಕಿಗೆ ಸಿಕ್ಕವರಲ್ಲ. ಆಶ್ರಯವೆಂದು ನಂಬಿದ್ದ ಸೂರಿನಡಿಯಲ್ಲಿಯೇ ಸಿಲುಕಿದವರು.

ಆದುದರಿಂದಲೇ ಛಾವಣಿಯ ಮೇಲಿನ ಬೂದಿ ಕೆಲವೇ ಅಂಗುಲವಾಗುವ ಮುನ್ನ, ಮಳೆ ಬರುವ ಮುನ್ನ, ಅದನ್ನು ತೆಗೆಯಬೇಕೆಂದು ಬಲ್ಲವರು ಹೇಳುತ್ತಾರೆ. ಏಣಿಯ ಬಳಿ ಇನ್ನೊಬ್ಬರಿಲ್ಲದೆ ಒಂಟಿಯಾಗಿ ಹತ್ತುವುದು ಅಪಾಯ. ಸೂರು ಆಗಲೇ ಬಾಗಿದ್ದರೆ ಅದರ ಗೊಡವೆಗೆ ಹೋಗದೆ, ಮನೆಮಂದಿಯೊಡನೆ ಗಟ್ಟಿಯಾದ ಕಟ್ಟಡವನ್ನು ಸೇರುವುದೇ ಜಾಣತನ.

ಕಾಗೊಷಿಮಾದಲ್ಲಿ ಬೂದಿ ತುಂಬಲೆಂದೇ ನಗರಾಡಳಿತವು ಮನೆಮನೆಗೆ ಚೀಲಗಳನ್ನು ಹಂಚುತ್ತದೆ. ಅಂಗಳ ಗುಡಿಸಿ ತುಂಬಿದ ಚೀಲವನ್ನು ಗೊತ್ತಾದ ಜಾಗದಲ್ಲಿರಿಸಿದರೆ ನಗರದವರೇ ಸಾಗಿಸುತ್ತಾರೆ. ಪರ್ವತದ ಮಗ್ಗುಲಲ್ಲಿ ವಾಸಿಸುವ ಮಕ್ಕಳು ತಲೆಗೆ ಶಿರಸ್ತ್ರಾಣ ಧರಿಸಿ ಶಾಲೆಗೆ ಹೋಗುತ್ತಾರೆ. ಆ ಚೀಲಕ್ಕೆ ಜಪಾನೀಯರು ಇಟ್ಟಿರುವ ಹೆಸರಿನ ಅರ್ಥವೇನು ಬಲ್ಲಿರಾ? ‘ಬೂದಿಯನ್ನು ಗೆಲ್ಲುವ ಚೀಲ’!